ಭಂಗಾರಕ್ಕೆ ಹಾಕೋ ಮೊದಲು ಆ ಪೌಡರ್ ಡಬ್ಬಿ ಒಮ್ಮೆ ತೆಗೆದು ನೋಡ್ರಿ

"ಸ್ನೋ-ಪೌಡರ್ ಹಚ್ಕೊಂಡು ಎಲ್ಲಿಗೆ ಹೊಂಟಿ?" ನಮ್ಮ ಕಡೆ ಈ ಪ್ರಶ್ನೆ ಕೇಳಿಸಿಕೊಳ್ಳದೆ ಬೆಳೆದವರು ಕಡಿಮೆ. ಆದರೆ ಸ್ನೋ ಅಂದ್ರೆ ಏನು, ಅದರ ಬೆನ್ನಿಗೇ ಪೌಡರ್ ಯಾಕೆ ಬರ್ತದೆ, ಆ ಪೌಡರ್ ಇಡೋಕೆ ಅಂತ ಮಾಡಿದ ಚೆಂದದ ಡಬ್ಬಿಗಳೆಲ್ಲ ಈಗ ಎಲ್ಲಿ ಹೋದವು ಅಂತ ಯಾರೂ ಕೇಳೋದಿಲ್ಲ.

ನಾನು ಎರಡು ವರ್ಷದಿಂದ ಹಳೆ ಪೌಡರ್ ಡಬ್ಬಿ, ಕಾಂಪ್ಯಾಕ್ಟ್, ಸ್ನೋ ಬಾಟಲಿ ಕೂಡಿಸ್ತಾ ಇದ್ದೀನಿ. ಹಾಸ್ಟೆಲ್‌ನಲ್ಲಿ ಗೊತ್ತಾದವರೆಲ್ಲ ಮೊದಲು ಕೇಳೋದು ಒಂದೇ: "ಮೆಕ್ಯಾನಿಕಲ್ ಓದಾಕಿಗೆ ಮೇಕಪ್ ಡಬ್ಬಿ ಯಾಕ?" ಈ ಲೇಖನ ಆ ಪ್ರಶ್ನೆಗೆ ಉತ್ತರ. ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಟ್ರಂಕು, ಅಟ್ಟ, ಆಯಿಯ ಕಪಾಟು ಒಂದು ಸಲ ಹುಡುಕಬೇಕು ಅನ್ನಿಸಿದರೆ ನನಗೆ ಖುಷಿ.

ಕಾಂಪ್ಯಾಕ್ಟ್ ಅಂದ್ರೆ ಏನು?

ಅಂಗೈಯೊಳಗೆ ಹಿಡಿಸುವ ಚಪ್ಪಟೆ ಡಬ್ಬಿ. ಒಂದು ಕಡೆ ಕೀಲು, ಎದುರುಗಡೆ ಒತ್ತಿದರೆ ಟಿಕ್ ಅಂತ ತೆರೆಯುವ ಕೊಂಡಿ. ಮುಚ್ಚಳದ ಒಳಮೈಗೆ ಕನ್ನಡಿ. ಕೆಳಗಿನ ಬಟ್ಟಲಿನಲ್ಲಿ ಮುಖದ ಪೌಡರ್, ಅದರ ಮೇಲೆ ಮೆತ್ತನೆಯ ಪಫ್. ಇಷ್ಟೇ.

ಮುಖಕ್ಕೆ ಪುಡಿ ಹಚ್ಚೋದು ಸಾವಿರಾರು ವರ್ಷದ ಅಭ್ಯಾಸ. ಆದರೆ ಅದನ್ನು ಪರ್ಸಿನಲ್ಲಿ ಹಾಕಿಕೊಂಡು ಹೊರಗೆ ತಿರುಗಾಡೋದು ಹೊಸದು. ಯುರೋಪ್, ಅಮೆರಿಕದಲ್ಲಿ 19ನೇ ಶತಮಾನದಲ್ಲಿ ಕಾಣುವಂತೆ ಮೇಕಪ್ ಮಾಡೋದು ನಾಟಕದವರ ಕೆಲಸ, ಮರ್ಯಾದಸ್ಥ ಹೆಂಗಸರಿಗೆ ತಕ್ಕದ್ದಲ್ಲ ಅನ್ನೋ ಭಾವನೆ ಗಟ್ಟಿಯಾಗಿತ್ತು. ಪ್ಯಾರಿಸ್‌ನ ಬೂರ್ಜ್ವಾ ಕಂಪನಿ 1863ರಲ್ಲಿ ಶುರುವಾಗಿದ್ದೇ ರಂಗಭೂಮಿಯ ನಟನಟಿಯರಿಗೆ ಮೇಕಪ್ ಮಾಡಿಕೊಡೋಕೆ. ಮೊದಲನೇ ಮಹಾಯುದ್ಧದ ನಂತರ ಗಾಳಿ ಬದಲಾಯ್ತು. ಹೆಂಗಸರು ಆಫೀಸಿಗೆ, ಫ್ಯಾಕ್ಟರಿಗೆ ಹೋಗತೊಡಗಿದರು, ಸಿನಿಮಾ ಬಂತು, ಮುಖ ನೋಡಿಕೊಳ್ಳೋಕೆ ಮನೆಯ ಕನ್ನಡಿಯೊಂದೇ ಸಾಲದಾಯ್ತು. 1920ರಿಂದ 1950ರ ದಶಕದವರೆಗೆ ಕಾಂಪ್ಯಾಕ್ಟ್‌ಗಳ ಸುಗ್ಗಿ. ಅವನ್ನು ಮಾಡಿದವರಲ್ಲಿ ಬರೀ ಸೌಂದರ್ಯವರ್ಧಕ ಕಂಪನಿಗಳಿರಲಿಲ್ಲ. ಅಮೆರಿಕದ ಎಲ್ಜಿನ್ ಅಮೆರಿಕನ್ ಗಡಿಯಾರದ ಕೇಸ್ ಮಾಡುವ ಕಾರ್ಖಾನೆಯಿಂದ ಬಂದ ಹೆಸರು. 1950ರ ಸುಮಾರಿಗೆ ಚಿತ್ರಕಾರ ಸಾಲ್ವಡಾರ್ ಡಾಲಿ ಅವರಿಗೆ ಹಕ್ಕಿಯ ಆಕಾರದ ಒಂದು ಕಾಂಪ್ಯಾಕ್ಟ್ ಡಿಸೈನ್ ಮಾಡಿಕೊಟ್ಟಿದ್ದ.

ನಮ್ಮ ಮನೆಯ ಕಾಂಪ್ಯಾಕ್ಟ್: ಕುಂಕುಮದ ಕರಡಿಗೆ

ಇದನ್ನೆಲ್ಲ ಓದುವಾಗ ನನಗೆ ಅನ್ನಿಸಿದ್ದು, ಇಂಥದ್ದೊಂದು ನಮ್ಮಲ್ಲಿ ಮೊದಲಿಂದ ಇತ್ತಲ್ಲ ಅಂತ. ಕುಡಚಿ, ರಾಯಬಾಗ, ಅಥಣಿ ಕಡೆ ಹಳೆ ಮನೆಗಳಲ್ಲಿ ಹಿತ್ತಾಳೆಯ ಅಥವಾ ಕಟ್ಟಿಗೆಯ ಕುಂಕುಮದ ಕರಡಿಗೆ ಇನ್ನೂ ಸಿಗ್ತಾವು. ಕೆಲವಕ್ಕೆ ಮುಚ್ಚಳದ ಒಳಗೆ ಕನ್ನಡಿ, ಕೆಳಗೆ ಸಣ್ಣ ಸಣ್ಣ ಖಾನೆ. ಒಂದರಲ್ಲಿ ಕುಂಕುಮ, ಒಂದರಲ್ಲಿ ಹಣಿಗೆ, ಇನ್ನೊಂದರಲ್ಲಿ ಮೇಣ.

ಮೇಣ ಯಾಕೆ? ನಮ್ಮ ಆಯಿಯಂದಿರು ಮೊದಲು ಹಣೆಗೆ ಒಂಚೂರು ಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಒಣ ಪುಡಿ ಚರ್ಮದ ಮೇಲೆ ನಿಲ್ಲೋದಿಲ್ಲ, ಬೆವರು ಬಂದರೆ ಇಳಿದು ಹೋಗ್ತದೆ. ಮೇಣ ಅದನ್ನು ಹಿಡಿದುಕೊಳ್ತದೆ. ಇವತ್ತು ಯೂಟ್ಯೂಬ್‌ನಲ್ಲಿ ಪ್ರೈಮರ್ ಅಂತ ತೋರಿಸೋದು ಇದೇ ಕೆಲಸ ಮಾಡ್ತದೆ.

ಕುಂಕುಮವೂ ಒಳ್ಳೇ ಕೆಮಿಸ್ಟ್ರಿ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರದಲ್ಲಿ ಬಣ್ಣ ಬದಲಿಸ್ತದೆ, ಲ್ಯಾಬ್‌ನಲ್ಲಿ ಇಂಡಿಕೇಟರ್ ಬದಲಿಸಿದ ಹಾಗೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದವರು ಭಂಡಾರದಲ್ಲಿ ಮಿಂದು ಬಂದಿರ್ತೀರಿ. ಅದೇ ಅಂಗಿಯನ್ನು ಸಾಬೂನು ಹಾಕಿ ತೊಳೆಯುವಾಗ ಹಳದಿ ಕಲೆ ಕೆಂಪಾಗಿದ್ದು ನೆನಪಿದ್ದರೆ, ಕುಂಕುಮ ಹೇಗೆ ಆಗ್ತದೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಈಗ ಸ್ನೋ ಕಡೆ ಬರೋಣ. ಬರೋಸ್ ವೆಲ್ಕಮ್ ಅನ್ನೋ ಲಂಡನ್ನಿನ ಔಷಧ ಕಂಪನಿ 1892ರಲ್ಲಿ ಹೇಜಲೀನ್ ಸ್ನೋ ಅನ್ನೋ ಕ್ರೀಮ್ ತಂದಿತು. ಸ್ಟಿಯರಿಕ್ ಆಮ್ಲದ ಒಂದು ಪಾಲನ್ನು ಕ್ಷಾರದ ಜೊತೆ ಸೇರಿಸಿದರೆ ಸಾಬೂನಾಗ್ತದೆ. ಆ ಸಾಬೂನು ಉಳಿದ ಸ್ಟಿಯರಿಕ್ ಆಮ್ಲವನ್ನೂ ನೀರನ್ನೂ ಒಟ್ಟಿಗೆ ಹಿಡಿದಿಡ್ತದೆ. ನೋಡೋಕೆ ಹಿಮದ ಹಾಗೆ ಬೆಳ್ಳಗೆ, ಹಚ್ಚಿದ ಕೂಡಲೇ ಮಾಯ. ಆದರೆ ಚರ್ಮದ ಮೇಲೆ ತೆಳುವಾದ ಮೇಣದಂಥ ಪದರ ಉಳಿದಿರ್ತದೆ, ಪೌಡರ್ ಅದಕ್ಕೆ ಅಂಟಿಕೊಳ್ತದೆ. ಅದಕ್ಕೇ ಮೊದಲು ಸ್ನೋ, ಆಮೇಲೆ ಪೌಡರ್. ಮೊದಲು ಮೇಣ, ಆಮೇಲೆ ಕುಂಕುಮ ಅಂದ ಹಾಗೆ.

ನಮ್ಮ ದೇಶದಲ್ಲಿ ಈ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು ಅಫ್ಘಾನ್ ಸ್ನೋ. ರಾಜಸ್ಥಾನದಿಂದ ಮುಂಬೈಗೆ ಬಂದ ಇ.ಎಸ್. ಪಾಟನ್‌ವಾಲಾ 1919ರಲ್ಲಿ ಶುರು ಮಾಡಿದ ಕ್ರೀಮ್ ಇದು. ಮಿರಜ್ ಮೇಲೆ ಹೋಗುವ ರೈಲಿನಿಂದಾಗಿ ನಮ್ಮ ಭಾಗಕ್ಕೆ ಬೆಂಗಳೂರಿಗಿಂತ ಮುಂಬೈ-ಪುಣೆ ಯಾವತ್ತೂ ಹತ್ತಿರ. ನಾಟಕ ಕಂಪನಿಗಳೂ ಅದೇ ದಾರಿಯಲ್ಲಿ ಓಡಾಡಿದವು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಬಾಲಗಂಧರ್ವರ ಸೀರೆ, ಹೂವು, ಅಲಂಕಾರ ನೋಡಿ ಆ ಕಾಲದ ಹೆಂಗಸರು ಅದೇ ಥರ ಮಾಡಿಕೊಳ್ಳುತ್ತಿದ್ದರಂತೆ. ಮೇಕಪ್ ಅನ್ನೋದು ರಂಗದಿಂದ ಮನೆಗೆ ಇಳಿದದ್ದು ಪ್ಯಾರಿಸ್‌ನಲ್ಲಿ ಅಷ್ಟೇ ಅಲ್ಲ, ಇಲ್ಲೂ ಹಾಗೆಯೇ.

ಮುಚ್ಚಳದೊಳಗಿನ ಇಂಜಿನಿಯರಿಂಗ್

ಮೆಕ್ಯಾನಿಕಲ್ ಹುಡುಗಿಗೆ ಇದರಲ್ಲಿ ಏನಿದೆ ಅಂದಿರಲ್ಲ, ಇಲ್ಲಿದೆ.

ಮೊದಲ ಸಮಸ್ಯೆ ಸೋರಿಕೆ. ಹಳೆ ಕಾಂಪ್ಯಾಕ್ಟ್‌ಗಳಲ್ಲಿ ಇರ್ತಿದ್ದದ್ದು ಬಿಡಿ ಪೌಡರ್. ಪರ್ಸಿನಲ್ಲಿ ಅಲುಗಾಡಿದರೆ ಎಲ್ಲ ಕಡೆ ಹರಡ್ತದೆ. ಅದಕ್ಕೆ ಬಟ್ಟಲಿನ ಮೇಲೆ ತೆಳು ಜಾಲರಿಯ ಸೋಸುಕ ಕೂರಿಸಿದರು, ಅದರ ಮೇಲೆ ಒಂದು ಒಳಮುಚ್ಚಳ. ಒಳಮುಚ್ಚಳ ಬಿಗಿಯಾಗಿದ್ದರೆ ಪೌಡರ್ ಸೋರೋದಿಲ್ಲ, ಆದರೆ ತೆಗೆಯೋಕೆ ಉಗುರು ಹಾಕಬೇಕು, ಉಗುರು ಮುರೀತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸ್ಟ್ರ್ಯಾಟನ್ ಕಂಪನಿ 1948ರಲ್ಲಿ ಇದಕ್ಕೊಂದು ಪರಿಹಾರ ತಂದಿತು. ಹೊರ ಮುಚ್ಚಳ ತೆಗೆದ ಕೂಡಲೇ ಒಳಮುಚ್ಚಳ ತಾನಾಗಿಯೇ ಮೇಲೇಳುತ್ತದೆ. ಮೋಟಾರು ಇಲ್ಲ, ಏನಿಲ್ಲ, ಒಂದು ಚಲನೆಯಿಂದ ಇನ್ನೊಂದು ಚಲನೆ. ನಾವು ಕೈನೆಮ್ಯಾಟಿಕ್ಸ್‌ನಲ್ಲಿ ಬೋರ್ಡ್ ಮೇಲೆ ಗೀಚುವ ಲಿಂಕೇಜ್‌ಗಳು ಒಬ್ಬ ಹೆಣ್ಣುಮಗಳ ಉಗುರು ಉಳಿಸೋಕೆ ಬಳಕೆಯಾಗಿದ್ದು ನನಗೆ ಬಹಳ ಹಿಡಿಸ್ತು.

ಎರಡನೇ ಪರಿಹಾರ ಪೌಡರನ್ನೇ ಗಟ್ಟಿ ಮಾಡೋದು. ಪುಡಿಗೆ ಸ್ವಲ್ಪ ಎಣ್ಣೆ ಅಥವಾ ಅಂಟಿನಂಥ ಬೈಂಡರ್ ಸೇರಿಸಿ, ಲೋಹದ ಚಿಕ್ಕ ತಟ್ಟೆಯಲ್ಲಿ ತುಂಬಿ, ಪ್ರೆಸ್‌ನಲ್ಲಿ ಒತ್ತುತ್ತಾರೆ. ಮಾತ್ರೆ ಒತ್ತುವ ಕೆಲಸವೂ ಇದೇ ಥರದ್ದು. ಒತ್ತಡ ಕಡಿಮೆಯಾದರೆ ಬಿಲ್ಲೆ ಪುಡಿಪುಡಿ, ಜಾಸ್ತಿಯಾದರೆ ಗಾಜಿನಂತೆ ಗಟ್ಟಿಯಾಗಿ ಪಫ್‌ಗೆ ಏನೂ ಹತ್ತೋದಿಲ್ಲ. ಈಗ ಅಂಗಡಿಯಲ್ಲಿ ಕಾಂಪ್ಯಾಕ್ಟ್ ಅಂದರೆ ಈ ಒತ್ತಿದ ಬಿಲ್ಲೆಯೇ. ಡಬ್ಬಿಯ ಹೆಸರು ಪೌಡರಿಗೆ ಬಂತು.

ಪೌಡರಿನ ಮುಖ್ಯ ಸರಕು ಟಾಲ್ಕ್, ಅಂದರೆ ಮೆಗ್ನೀಸಿಯಂ ಸಿಲಿಕೇಟ್ ಖನಿಜ. ಮೋಸ್ ಗಡಸುತನದ ಅಳತೆಯಲ್ಲಿ ಇದಕ್ಕೆ 1, ಎಲ್ಲಕ್ಕಿಂತ ಮೆತ್ತಗಿನದು. ಇದರ ಪದರಗಳು ಒಂದರ ಮೇಲೊಂದು ಸಡಿಲವಾಗಿ ಕೂತಿರ್ತಾವೆ, ಇಸ್ಪೀಟ್ ಎಲೆಗಳ ಹಾಗೆ ಜಾರ್ತಾವೆ. ಪೌಡರ್ ನುಣುಪಾಗಿರೋದು ಅದರಿಂದ. ಅದಕ್ಕೆ ಜಿಂಕ್ ಆಕ್ಸೈಡ್, ಕಯೋಲಿನ್, ಕೆಲವೊಮ್ಮೆ ಅಕ್ಕಿ ಹಿಟ್ಟಿನ ಪಿಷ್ಟ ಸೇರ್ತಿತ್ತು.

ಡಬ್ಬಿಯ ಸರಕನ್ನೂ ನೋಡಬೇಕು. ಒಳ್ಳೇವು ಹಿತ್ತಾಳೆಯವು, ಮೇಲೆ ಬಂಗಾರ ಬಣ್ಣದ ಲೇಪ ಅಥವಾ ಎನಾಮೆಲ್. ಅಗ್ಗದವು ತಗಡಿನವು, ಮೇಲೆ ಅಚ್ಚು ಹಾಕಿದ ಚಿತ್ರ. ಸೆಲ್ಯುಲಾಯ್ಡ್ ಮತ್ತು ಬೇಕಲೈಟ್ ಬಂದಾಗ ಪ್ಲಾಸ್ಟಿಕ್ ಯುಗ ಶುರು. ಎರಡನೇ ಮಹಾಯುದ್ಧದಲ್ಲಿ ಲೋಹವೆಲ್ಲ ಯುದ್ಧಕ್ಕೆ ಹೋದ್ದರಿಂದ ಕಟ್ಟಿಗೆ, ರಟ್ಟು, ಪ್ಲಾಸ್ಟಿಕ್‌ನಲ್ಲಿ ಕಾಂಪ್ಯಾಕ್ಟ್ ಮಾಡಿದರು.

ಇನ್ನೊಂದು ವಿಷಯ. ಬಿಡಿ ಪೌಡರಿನ ಕಾಲದ ಕಾಂಪ್ಯಾಕ್ಟನ್ನು ಒಮ್ಮೆ ಕೊಂಡರೆ ಜೀವನಪೂರ್ತಿ. ಪೌಡರ್ ಮುಗಿದರೆ ಮತ್ತೆ ತುಂಬಿಸೋದು. ಈಗಿನದರಲ್ಲಿ ಬಿಲ್ಲೆ ಮುಗಿದ ದಿನ ಕನ್ನಡಿ, ಕೀಲು, ಡಬ್ಬಿ ಎಲ್ಲ ಕಸಕ್ಕೆ. ಸಸ್ಟೇನಬಲ್ ಡಿಸೈನ್ ಅಂತ ನಾವು ಪ್ರೆಸೆಂಟೇಷನ್ ಮಾಡ್ತೀವಲ್ಲ, ನೂರು ವರ್ಷದ ಹಿಂದಿನ ಡಬ್ಬಿ ಅದನ್ನು ಸದ್ದಿಲ್ಲದೆ ಮಾಡಿತ್ತು.

ಇದು ಯಾರ ಮುಖಕ್ಕೆ ಮಾಡಿದ ಪೌಡರ್?

ಇಲ್ಲಿಂದ ಕಥೆ ಸ್ವಲ್ಪ ಕಹಿ.

ಹಳೆ ಡಬ್ಬಿ ಕೈಗೆ ಬಂದರೆ ನಾನು ಮೊದಲು ನೋಡೋದು ಒಳಗಿನ ಅಥವಾ ತಳದ ಚೀಟಿ. ಪೌಡರಿನ ಬಣ್ಣದ ಹೆಸರು ಅಲ್ಲಿರ್ತದೆ. ಆ ಕಾಲದಲ್ಲಿ ಯುರೋಪಿನ ಪೌಡರುಗಳಿಗೆ ಮಾಮೂಲಿ ಹೆಸರು ಅಂದರೆ ವೈಟ್, ನ್ಯಾಚುರಲ್, ಫ್ಲೆಶ್, ರಾಶೆಲ್. ರಾಶೆಲ್ ಅನ್ನೋದು 19ನೇ ಶತಮಾನದ ಫ್ರೆಂಚ್ ನಟಿಯ ಹೆಸರು, ಆ ಬಣ್ಣ ತೆಳು ಹಳದಿ ಕೆನೆ. ಫ್ಲೆಶ್ ಅಂದ್ರೆ ಮೈಬಣ್ಣ. ಯಾರ ಮೈಯ ಬಣ್ಣ? ಆ ಚೀಟಿ ಬರೆದವರಿಗೆ ಆ ಪ್ರಶ್ನೆ ಬಂದಿರಲೇ ಇಲ್ಲ ಅನ್ನಿಸ್ತದೆ. ತಿಳಿ ಗುಲಾಬಿ ಬಣ್ಣಕ್ಕೆ ಮೈಬಣ್ಣ ಅಂತ ಹೆಸರಿಟ್ಟು, ಹಡಗಿಗೆ ಹಾಕಿ, ನಮ್ಮ ದೇಶಕ್ಕೂ ಕಳಿಸಿದರು.

ನನ್ನ ಬಣ್ಣ ಕಪ್ಪು. ಶಾಲೆಯ ಗ್ಯಾದರಿಂಗ್‌ನಲ್ಲಿ ಡಾನ್ಸ್‌ಗೆ ಅಂತ ಎಲ್ಲ ಹುಡುಗಿಯರಿಗೂ ಒಂದೇ ಡಬ್ಬಿಯಿಂದ ಮೇಕಪ್ ಮಾಡಿದ್ದರು. ಬೆಳ್ಳಗಿದ್ದವರು ಇನ್ನೂ ಬೆಳ್ಳಗೆ ಕಂಡರು. ನನ್ನ ಮುಖ ಮಾತ್ರ ಬೂದಿ ಬಡಿದಂಗ ಆಗಿತ್ತು, ಕುತ್ತಿಗೆ ಬೇರೆ ಬಣ್ಣ, ಮುಖ ಬೇರೆ ಬಣ್ಣ. "ಇಕಿಗೆ ಎಷ್ಟ ಹಚ್ಚಿದ್ರೂ ಹತ್ತೂದಿಲ್ಲ ನೋಡ್ರಿ" ಅಂತ ಮೇಕಪ್ ಮಾಡಿದವರು ನಕ್ಕರು. ಆರನೇ ಕ್ಲಾಸಿನ ಹುಡುಗಿಗೆ ಅದು ತನ್ನ ಮುಖದ ದೋಷ ಅಂತಲೇ ಅನ್ನಿಸ್ತದೆ.

ಅದು ಮುಖದ ದೋಷ ಹೌದೋ ಅಲ್ಲೋ ಅಂತ ಈಗ ಫಿಸಿಕ್ಸ್‌ನಿಂದ ನೋಡೋಣ. ಬೆಳಕು ಚದುರೋದು ಎರಡು ವಸ್ತುಗಳ ವಕ್ರೀಭವನ ಸೂಚ್ಯಂಕದ ವ್ಯತ್ಯಾಸದಿಂದ. ಚರ್ಮದ ಎಣ್ಣೆಯ ಸೂಚ್ಯಂಕ ಸುಮಾರು 1.47. ಟಾಲ್ಕ್‌ನದು 1.57ರ ಆಸುಪಾಸು. ವ್ಯತ್ಯಾಸ ಕಡಿಮೆ, ಹಾಗಾಗಿ ಎಣ್ಣೆ-ಬೆವರು ಸೇರಿದ ಮೇಲೆ ಟಾಲ್ಕ್ ಹೆಚ್ಚುಕಡಿಮೆ ಪಾರದರ್ಶಕ. ಜಿಂಕ್ ಆಕ್ಸೈಡ್‌ದು ಸುಮಾರು 2.0. ಟೈಟಾನಿಯಂ ಡೈಆಕ್ಸೈಡ್‌ದು 2.5ಕ್ಕಿಂತ ಮೇಲೆ. ಇವು ಎಣ್ಣೆಯಲ್ಲಿ ನೆನೆದರೂ ಬೆಳಕನ್ನು ಜೋರಾಗಿ ಚದುರಿಸ್ತಾವೆ, ಬೆಳ್ಳಗೇ ಕಾಣ್ತಾವೆ. ತಿಳಿ ಚರ್ಮದ ಮೇಲೆ ಆ ಬಿಳುಪು ಬೆರೆತುಹೋಗ್ತದೆ. ಕಪ್ಪು ಚರ್ಮದ ಮೇಲೆ ಬಿಳಿ ಪದರದ ಕೆಳಗಿನಿಂದ ಕಪ್ಪು ಇಣುಕಿ, ಎರಡೂ ಸೇರಿ ಬೂದಿ ಬಣ್ಣ ಆಗ್ತದೆ.

ಇದಕ್ಕೆ ಪರಿಹಾರ ಏನು? ಕಬ್ಬಿಣದ ಆಕ್ಸೈಡ್. ಹಳದಿ, ಕೆಂಪು, ಕಪ್ಪು, ಈ ಮೂರು ಬಗೆಯ ಆಕ್ಸೈಡನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿದರೆ ಯಾವ ಮನುಷ್ಯನ ಮೈಬಣ್ಣಕ್ಕೂ ಹತ್ತಿರ ಬರಬಹುದು. ಇದು ಇತ್ತೀಚಿನ ಸಂಶೋಧನೆ ಏನಲ್ಲ. ಕೆಮ್ಮಣ್ಣಿನ ಕೆಂಪು ಇದೇ ಆಕ್ಸೈಡಿನದು, ಮನುಷ್ಯ ಗುಹೆಯ ಗೋಡೆಗೆ ಬಳಿದದ್ದೂ ಇದನ್ನೇ. ಸರಕು ಇತ್ತು, ತಂತ್ರಜ್ಞಾನವೂ ಇತ್ತು. ಮಾಡಬೇಕು ಅಂತ ಅನ್ನಿಸಿದವರು ಕಡಿಮೆ ಇದ್ದರು.

ಇರಲೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಆಂಥೋನಿ ಓವರ್ಟನ್ ಅನ್ನೋ ಕಪ್ಪು ಉದ್ಯಮಿ 1900ರ ಆಸುಪಾಸಿನಲ್ಲೇ ಕಪ್ಪು ಹೆಂಗಸರಿಗಾಗಿ ಹೈ-ಬ್ರೌನ್ ಫೇಸ್ ಪೌಡರ್ ಅಂತ ಮಾಡಿ ಮಾರಿದ. ಆ ಡಬ್ಬಿಗಳನ್ನು ಈಗ ಸಂಗ್ರಾಹಕರು ಹುಡುಕಿಕೊಂಡು ಹೋಗ್ತಾರೆ, ಮುಚ್ಚಳದ ಮೇಲಿನ ಹೆಸರಿಗಾಗಿಯೇ.

ನಮ್ಮಲ್ಲಿ ಲ್ಯಾಕ್ಮೆ ಶುರುವಾಗಿದ್ದು 1952ರಲ್ಲಿ, ಟಾಟಾ ಆಯಿಲ್ ಮಿಲ್ಸ್‌ನ ಅಂಗಸಂಸ್ಥೆಯಾಗಿ. ವಿದೇಶಿ ಮೇಕಪ್‌ಗೆ ಹಣ ಹೊರಗೆ ಹರಿಯೋದನ್ನು ನಿಲ್ಲಿಸಬೇಕು ಅಂತ ನೆಹರೂ ಅವರೇ ಜೆ.ಆರ್.ಡಿ. ಟಾಟಾಗೆ ಹೇಳಿದರು ಅನ್ನೋ ಕಥೆ ಪ್ರಸಿದ್ಧ. ಹೆಸರು ಬಂದದ್ದು ಡೆಲೀಬ್‌ನ 1883ರ ಫ್ರೆಂಚ್ ಸಂಗೀತ ನಾಟಕದಿಂದ. ಫ್ರೆಂಚರ ಬಾಯಲ್ಲಿ ನಮ್ಮ ಲಕ್ಷ್ಮಿಯೇ ಲ್ಯಾಕ್ಮೆ. ಜಿನೀವಾದಲ್ಲಿ ಹುಟ್ಟಿದ ಸಿಮೋನ್ ಟಾಟಾ 1961ರಲ್ಲಿ ಆಡಳಿತ ಮಂಡಳಿಗೆ ಬಂದು, 1982ರಲ್ಲಿ ಅಧ್ಯಕ್ಷೆಯಾಗಿ ಅದನ್ನು ಬೆಳೆಸಿದರು. 1990ರ ದಶಕದ ಕೊನೆಗೆ ಅದು ಹಿಂದೂಸ್ತಾನ್ ಲಿವರ್ ಪಾಲಾಯ್ತು. ಅದೇ ಹಿಂದೂಸ್ತಾನ್ ಲಿವರ್ 1975ರಲ್ಲಿ ಫೇರ್ ಅಂಡ್ ಲವ್ಲಿ ತಂದಿತ್ತು. ಅದರಲ್ಲಿನ ಫೇರ್ ಅನ್ನೋ ಪದ ಹೋಗೋಕೆ 2020 ಬರಬೇಕಾಯ್ತು. 45 ವರ್ಷ. ನಮ್ಮ ಅವ್ವಂದಿರು ಹುಡುಗಿಯರಾಗಿ, ಮದುವೆಯಾಗಿ, ನಮ್ಮನ್ನು ಹೆತ್ತು ಬೆಳೆಸುವಷ್ಟು ಕಾಲ.

ಹೊರದೇಶದಲ್ಲಿ 2017ರಲ್ಲಿ ಗಾಯಕಿ ರಿಯಾನಾಳ ಫೆಂಟಿ ಬ್ಯೂಟಿ ಒಂದೇ ಸಲಕ್ಕೆ 40 ಬಣ್ಣದ ಫೌಂಡೇಷನ್ ತಂದಾಗ ಉಳಿದ ಕಂಪನಿಗಳೂ ಲಗುಬಗೆಯಿಂದ ಬಣ್ಣ ಹೆಚ್ಚಿಸಿದವು. ಆಗಬಹುದು ಅಂತ ಆಗ ಎಲ್ಲರಿಗೂ ಗೊತ್ತಾಯ್ತು.

ಹಳೆ ಡಬ್ಬಿ ಕೂಡಿಸೋದರಿಂದ ನನಗೆ ಸಿಕ್ಕಿದ್ದು ಇದು. ಆರನೇ ಕ್ಲಾಸಿನಲ್ಲಿ ನನ್ನ ಮುಖಕ್ಕೆ ಹತ್ತದೇ ಇದ್ದ ಪೌಡರ್ ನನ್ನನ್ನು ಲೆಕ್ಕಕ್ಕೇ ಹಿಡಿಯದೆ ಮಾಡಿದ್ದಾಗಿತ್ತು ಅಂತ ಡಬ್ಬಿಯ ತಳದ ಚೀಟಿಗಳು ಹೇಳಿದವು.

ಮೈಸೂರಿನ ಗಂಧ, ಬೆಂಗಳೂರಿನ ಸಾಬೂನು

ಕರ್ನಾಟಕದ ಬ್ರಾಂಡ್ ಕಥೆ ಹೇಳದಿದ್ದರೆ ಆಗೋದಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಗಂಧದ ಮರದ ರಫ್ತು ನಿಂತು ಮೈಸೂರು ಸಂಸ್ಥಾನದಲ್ಲಿ ಮರ ರಾಶಿ ಬಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ಇಳಿಸುವ ಪ್ರಯೋಗ ನಡೆದು, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ಆಮೇಲೆ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆ. ಸಾಬೂನು ಮಾಡೋದನ್ನು ಕಲಿಯೋಕೆ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿದ್ದರು.

ಶಾಸ್ತ್ರಿಗಳಿಗೆ ಕೆಮಿಸ್ಟ್ರಿಯಷ್ಟೇ ಪ್ಯಾಕೇಜಿಂಗೂ ಗೊತ್ತಿತ್ತು. ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭದ ಗುರುತು. ಆ ಗುರುತು ಇವತ್ತಿಗೂ ಇದೆ. 2006ರಲ್ಲಿ ಮೈಸೂರು ಸ್ಯಾಂಡಲ್ ಸೋಪ್‌ಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಸಾಬೂನು ಮುಗಿದ ಮೇಲೂ ಆ ಡಬ್ಬಿಯನ್ನು ಸೀರೆಯ ನಡುವೆ ಇಡುವ ಹೆಂಗಸರು ನಮ್ಮೂರಲ್ಲಿ ಎಷ್ಟೋ ಜನ. ಗೊತ್ತಿಲ್ಲದೆ ಅವರೂ ಸಂಗ್ರಾಹಕರೇ.

ಡಬ್ಬಿಯ ವಯಸ್ಸು ಹೇಗೆ ಹೇಳೋದು?

ಡಬ್ಬಿಯ ಮೇಲೆ ವರ್ಷ ಬರೆದಿರೋದು ಅಪರೂಪ. ಆದರೆ ಈ ದೇಶದ ಇತಿಹಾಸವೇ ಅದರ ಮೇಲೆ ಅಚ್ಚಾಗಿರ್ತದೆ. ನಾನು ಬಳಸುವ ಪಟ್ಟಿ ಇದು:

1. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಇರಬಹುದು. ನಯಾ ಪೈಸೆ ಅಂತಿದ್ದರೆ 1957ರಿಂದ 1964ರ ನಡುವಿನದು. ಬರೀ ಪೈಸೆ ಅಂತಿದ್ದರೆ ಅದರ ನಂತರದ್ದು.

2. ತೂಕ ಔನ್ಸ್‌ನಲ್ಲಿ ಮಾತ್ರ ಇದ್ದರೆ ಹಳೆಯದು, ಅಥವಾ ಹೊರದೇಶದ್ದು. 1960ರ ದಶಕದ ಆರಂಭದ ಹೊತ್ತಿಗೆ ನಮ್ಮಲ್ಲಿ ಗ್ರಾಂ ಬಂದಿತ್ತು.

3. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದೇ.

4. ಮೈಸೂರು ರಾಜ್ಯ ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲು, ಕರ್ನಾಟಕ ಅಂತಿದ್ದರೆ ಆಮೇಲೆ.

5. ಊರಿನ ಹೆಸರು ಇಂಗ್ಲಿಷಿನಲ್ಲಿ ಬಾಂಬೆ ಅಂತಿದ್ದರೆ 1995ರ ಹಿಂದೆ, ಮದ್ರಾಸ್ ಅಂತಿದ್ದರೆ 1996ರ ಹಿಂದೆ, ಕಲ್ಕತ್ತಾ ಅಂತಿದ್ದರೆ 2001ರ ಹಿಂದೆ. ಕೆಲವು ಕಂಪನಿಗಳು ಹಳೆ ಹೆಸರನ್ನೇ ಮುಂದುವರಿಸಿದ್ದುಂಟು, ಅದಕ್ಕೆ ಇದೊಂದನ್ನೇ ನಂಬಬಾರದು.

6. ಮೈಸೂರು ಸ್ಯಾಂಡಲ್ ಡಬ್ಬಿಯ ಮೇಲೆ ಗವರ್ನಮೆಂಟ್ ಸೋಪ್ ಫ್ಯಾಕ್ಟರಿ ಅಂತಿದ್ದರೆ ಹಳೆಯದು. ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಅಂತಿದ್ದರೆ 1980ರಿಂದ ಈಚಿನದು.

ನಮ್ಮೂರ ಕಡೆಯವರಿಗೆ ಇದರಲ್ಲಿ ಒಂದು ಮಜಾ ಇದೆ. ಸ್ವಾತಂತ್ರ್ಯದ ನಂತರ 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಇದ್ದದ್ದು ಮುಂಬೈ ರಾಜ್ಯದಲ್ಲಿ. ಆಮೇಲೆ ಮೈಸೂರು ರಾಜ್ಯ, ಆಮೇಲೆ ಕರ್ನಾಟಕ. ಕುಡಚಿಯ ಆಯಿಯೊಬ್ಬಳು ಮನೆ ಬಿಟ್ಟು ಕದಲದೆ ಮೂರು ರಾಜ್ಯ ಕಂಡಿದ್ದಾಳೆ. ಅವಳ ಕಪಾಟಿನಲ್ಲಿ ಮುಂಬೈಯ ಸ್ನೋ ಬಾಟಲಿ, ಬೆಂಗಳೂರಿನ ಸಾಬೂನಿನ ಡಬ್ಬಿ, ಗಲ್ಫ್‌ಗೆ ಹೋದ ಮಗ ತಂದ ಕಾಂಪ್ಯಾಕ್ಟ್ ಒಂದರ ಪಕ್ಕ ಒಂದು ಇದ್ದರೆ, ಅದು ನಮ್ಮ ಭಾಗದ ಇತಿಹಾಸದ ಪುಸ್ತಕ. ಪಠ್ಯದಲ್ಲಿ ಇಲ್ಲದ ಭಾಗ.

ಕೂಡಿಸಬೇಕು ಅನ್ನೋರಿಗೆ

ದುಡ್ಡು ಬೇಕಾಗಿಲ್ಲ. ಮುಂಬೈಯ ಚೋರ್ ಬಜಾರ್‌ಗೆ ಹೋಗೋ ಅಗತ್ಯವೂ ಇಲ್ಲ. ಮೊದಲು ಮನೆ, ಆಮೇಲೆ ಸಂಬಂಧಿಕರ ಮನೆ, ಆಮೇಲೆ ಭಂಗಾರದ ಅಂಗಡಿ. ದಕ್ಷಿಣದ ಗೆಳೆಯರಿಗೆ: ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರ. ಬಂಗಾರಕ್ಕೂ ಭಂಗಾರಕ್ಕೂ ಒಂದು ಮಹಾಪ್ರಾಣದ ವ್ಯತ್ಯಾಸ ಅಷ್ಟೇ. ಹಿತ್ತಾಳೆಯ ಕರಡಿಗೆ, ಕಾಂಪ್ಯಾಕ್ಟ್ ಎಲ್ಲ ಅಲ್ಲಿ ಕೆಜಿ ಲೆಕ್ಕದಲ್ಲಿ ಬೀಳ್ತಾವೆ, ಕನ್ನಡಿ ಕಿತ್ತು ಹಾಕಿ ಕರಗಿಸೋಕೆ ಹೋಗ್ತಾವೆ. ನನ್ನ ಹತ್ತಿರ ಇರೋ 14 ಡಬ್ಬಿಗಳಲ್ಲಿ 5 ಹಾಗೆ ತೂಕದ ಲೆಕ್ಕದಲ್ಲಿ ಕೊಂಡವು. ಅಂಗಡಿಯ ಕಾಕಾ ಈಗ ಇಂಥದ್ದು ಬಂದರೆ ತೆಗೆದಿಟ್ಟು, "ನಿನ್ನ ಪೌಡರ್ ಡಬ್ಬಿ ಬಂದಾವ ನೋಡವ್ವಾ" ಅಂತ ಹೇಳಿ ಕಳಿಸ್ತಾರೆ.

ಕೆಲವು ಎಚ್ಚರಿಕೆ ಮಾತ್ರ ಬೇಕು. ಒಳಗೆ ಹಳೆ ಪೌಡರ್ ಉಳಿದಿದ್ದರೆ ಮುಖಕ್ಕೆ ಹಚ್ಚಬೇಡಿ, ಊದಲೂ ಬೇಡಿ. ಟಾಲ್ಕ್ ಮತ್ತು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಭೂಮಿಯಲ್ಲಿ ಒಂದರ ಪಕ್ಕ ಒಂದು ಸಿಗುವ ಖನಿಜಗಳು. ಹಳೆ ಟಾಲ್ಕ್‌ನಲ್ಲಿ ಅದು ಬೆರೆತಿರುವ ಅಪಾಯ ಇದೆ. ಕ್ಯಾನ್ಸರ್ ಮೊಕದ್ದಮೆಗಳ ನಡುವೆ ಜಾನ್ಸನ್ ಅಂಡ್ ಜಾನ್ಸನ್ 2023ರಲ್ಲಿ ಜಗತ್ತಿನಾದ್ಯಂತ ಟಾಲ್ಕ್‌ನ ಬೇಬಿ ಪೌಡರ್ ನಿಲ್ಲಿಸಿದ್ದು ನೆನಪಿರಲಿ. 1930ರ ದಶಕದಲ್ಲಿ ಫ್ರಾನ್ಸಿನ ತೋ-ರಾಡಿಯಾ ಅನ್ನೋ ಕಂಪನಿ ರೇಡಿಯಂ, ಥೋರಿಯಂ ಸೇರಿಸಿ ಕ್ರೀಮು, ಪೌಡರು ಮಾರಿತ್ತು. ಹಳೆಯದೆಲ್ಲ ಒಳ್ಳೆಯದು ಅನ್ನುವವರಿಗೆ ಇದೊಂದು ಉದಾಹರಣೆ ಸಾಕು. ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಕನ್ನಡಿಯ ಮೇಲೆ ನೇರವಾಗಿ ನೀರು ಹಾಕಬೇಡಿ. ಅಂಚಿನಿಂದ ಒಳಗೆ ಇಳಿದು ಹಿಂದಿನ ಬೆಳ್ಳಿಯ ಲೇಪ ಕಪ್ಪಾಗ್ತದೆ. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಫಳಫಳ ಮಾಡೋ ಆಸೆ ಬಂದರೆ ತಡೆದುಕೊಳ್ಳಿ, ಬಂಗಾರ ಬಣ್ಣದ ಲೇಪ, ಎನಾಮೆಲ್ ಹಾಳಾಗ್ತದೆ. ತಿಕ್ಕಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಬೇಗ ಬೆಂಕಿ ಹಿಡಿಯುವ ವಸ್ತು, ಬೇರೆಯಾಗಿ, ತಂಪು ಜಾಗದಲ್ಲಿಡಿ. ಕೀಲು ಬಿಗಿಯಾಗಿದ್ದರೆ ಜಗ್ಗಬೇಡಿ, ಒಂದು ಹನಿ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ.

ಎಲ್ಲಕ್ಕಿಂತ ಮುಖ್ಯ: ಡಬ್ಬಿಯ ಜೊತೆ ಅದರ ಮಾತನ್ನೂ ಬರೆದಿಡಿ. ಯಾರದು, ಯಾರು ತಂದುಕೊಟ್ಟರು, ಯಾವಾಗ ಹಚ್ಚಿಕೊಳ್ಳುತ್ತಿದ್ದರು. ದಿನಾ ಹಚ್ಚಿಕೊಳ್ಳೋಕೆ ಬಿಡ್ತಿದ್ದರೋ, ಮದುವೆ-ಜಾತ್ರೆಗೆ ಮಾತ್ರವೋ. ನಾನು ಕೇಳಿದ ಎಷ್ಟೋ ಆಯಿಯರು ಮೊದಲು "ಏ, ನಮ್ಮ ಕಾಲಕ್ಕ ಎಲ್ಲೀ ಪೌಡರ" ಅಂತ ಶುರು ಮಾಡಿ, ಅರ್ಧ ಗಂಟೆ ಬಿಟ್ಟು ಟ್ರಂಕಿನ ತಳದಿಂದ ಅರಿವೆಯಲ್ಲಿ ಸುತ್ತಿದ ಡಬ್ಬಿ ತೆಗೆದಿದ್ದಾರೆ. ಡಬ್ಬಿ ಭಂಗಾರದ ಅಂಗಡಿಯಿಂದಲೂ ಸಿಗಬಹುದು, ಆ ಮಾತು ಅಲ್ಲಿ ಸಿಗೋದಿಲ್ಲ.

ಸೆಮೆಸ್ಟರ್ ರಜೆಗೆ ಊರಿಗೆ ಹೋದಾಗ ಕೇಳಿ ನೋಡ್ರಿ. ಡಬ್ಬಿ ಸಿಕ್ಕರೆ ತಳದ ಚೀಟಿಯ ಫೋಟೋ ತೆಗೆದು ಕನ್ನಡ ಸಂಘದ ಗ್ರೂಪಿಗೆ ಹಾಕಿ. ವಯಸ್ಸು ಲೆಕ್ಕ ಹಾಕುವ ಕೆಲಸ ನನಗಿರಲಿ.